ಜಗಳದ ಬೆಟ್ಟದಲ್ಲೇ ಸಿಗ್ನಲ್ ಸಿಕ್ಕಿತು, ಈಗೇನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಸಿದ್ದಾಪುರ ತಾಲ್ಲೂಕಿನ ಹಳ್ಳಿ ನಮ್ಮದು. ಅಡಿಕೆ ತೋಟದ ಮನೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ಬೆಂಗಳೂರಿನ ಕೆಲಸವನ್ನು ಈಗಲೂ ಬಹುಪಾಲು ಮನೆಯಿಂದಲೇ ಮಾಡುತ್ತಿದ್ದೇನೆ. ಆಗ ನಮ್ಮೂರಲ್ಲಿ ಸಿಗ್ನಲ್ ಸಿಗುತ್ತಿದ್ದುದು ಮನೆಯ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಮಾತ್ರ. ಆಚೆ ಮನೆಯ ಹುಡುಗನೂ ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದ. ಆಮೇಲೆ ಅವನು ಕೆಲಸ ಬಿಟ್ಟು ಊರಲ್ಲೇ ತೋಟ ಮಾಡಿಕೊಂಡು ನಿಂತ. ನಮ್ಮ ಮಾತು ನಿಲ್ಲಲಿಲ್ಲ. ಈಗ ಮನೆಗೆ ಫೈಬರ್ ಬಂದಿದೆ, ಆದರೂ ನಾನು ಬೆಟ್ಟ ಹತ್ತುತ್ತೇನೆ. ಅಮ್ಮನಿಗೆ ಸಂಶಯ ಬಂದಂತಿದೆ.

ತೊಂದರೆ ಏನೆಂದರೆ, ಆ ಬೆಟ್ಟದ ಗಡಿಗೇ ಎರಡೂ ಮನೆಯ ಅಜ್ಜಂದಿರು 1980ರ ದಶಕದಲ್ಲಿ ಜಗಳವಾಡಿ ಕೋರ್ಟು ಹತ್ತಿದ್ದು. ಒಮ್ಮೆ ನಮ್ಮ ಕಡೆ ಆಯಿತಂತೆ, ಅಪೀಲಿನಲ್ಲಿ ಅವರ ಕಡೆ ಆಯಿತಂತೆ. ಈಗ ಎಲ್ಲಿಗೆ ಬಂದಿದೆಯೋ ಗೊತ್ತಿಲ್ಲ. ನನ್ನ ಅಜ್ಜ ತೀರಿಕೊಂಡರು, ಅವನ ಅಜ್ಜ ಇದ್ದಾರೆ. ಎರಡು ಮನೆಗಳ ನಡುವೆ ಹೇಳಿಕೆ (ಕಾರ್ಯಕ್ಕೆ ಕರೆಯುವುದು) ಇಲ್ಲ, ಊಟ ಇಲ್ಲ. ಅಪ್ಪನ ಎದುರು ಹೆಸರೆತ್ತಿದರೆ "ಆ ಮನೆ ಸುದ್ದಿ ಯಂಗೆ ಬ್ಯಾಡ" ಎಂದು ಎದ್ದು ಹೋಗುತ್ತಾರೆ. ಅಜ್ಜಿ ಮಾತ್ರ ಪ್ರತಿ ವರ್ಷ ಕೆಲಸದವಳ ಕೈಲಿ ಅವರ ಮನೆಗೆ ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ಕಳಿಸುತ್ತಾರೆ. ನಾವು ದಾಯಾದಿಗಳಲ್ಲ, ಗೋತ್ರವೂ ಬೇರೆ. ನೀವಿಬ್ಬರು ಮದುವೆಯಾದರೆ ಜಗಳ ತಾನಾಗಿ ಮುಗಿಯುತ್ತದೆ ಎನ್ನುತ್ತಾಳೆ ಗೆಳತಿ. ಓಡಿಹೋಗೋಣ ಎಂದು ಅವನು ತಮಾಷೆ ಮಾಡುತ್ತಾನೆ. ಅಪ್ಪನಿಗೆ ಹೇಳಲೋ, ಕೇಸು ಮುಗಿಯಲಿ ಎಂದು ಕಾಯಲೋ?
– ಬೆಟ್ಟದ ಹುಡುಗಿ

ಉತ್ತರ: ಅಮ್ಮನಿಗೆ ಸಂಶಯ "ಬಂದಂತಿದೆ" ಎಂದು ಬರೆದಿದ್ದೀರಿ. ಬಂದು ಬಹಳ ದಿನವಾಗಿದೆ. ಒಳಗೆ ವೈಫೈ ಇಟ್ಟುಕೊಂಡು ಉಂಬಳದ (ಜಿಗಣೆಯ) ಕಾಲದಲ್ಲೂ ಬೆಟ್ಟ ಹತ್ತುವ ಮಗಳು ಆಫೀಸಿನ ಕೆಲಸಕ್ಕೆ ಹೋಗುತ್ತಿಲ್ಲ ಎಂಬುದು ಮಲೆನಾಡಿನ ಯಾವ ತಾಯಿಗೂ ತಿಳಿಯುತ್ತದೆ. ಆದರೂ ಅವರು ಬಾಯಿ ಬಿಟ್ಟಿಲ್ಲ. ಬೇಡವೆಂದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಜಾತಕ ನಾಲ್ಕು ಊರು ತಿರುಗಿರುತ್ತಿತ್ತು.

ಬಯಲುಸೀಮೆಯ ಓದುಗರಿಗಾಗಿ ಸೊಪ್ಪಿನ ಬೆಟ್ಟದ ಬಗ್ಗೆ ಎರಡು ಮಾತು ಹೇಳಬೇಕು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ), ಹುಲ್ಲು ತಂದುಕೊಳ್ಳಲೆಂದು ಬೆಳೆಗಾರರಿಗೆ ಬಿಟ್ಟುಕೊಟ್ಟ ಕಾಡು ಅದು. ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬ್ರಿಟಿಷರ ಕಾಲದಿಂದ ನಡೆದುಬಂದ ಸವಲತ್ತು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕ. ಸೊಪ್ಪು ಕಡಿಯುವ ಹಕ್ಕು ಮಾತ್ರ ಬೆಳೆಗಾರರದು, ನೆಲ ಸರಕಾರದ್ದು. ಮಾರುವಂತಿಲ್ಲ, ಉತ್ತು ಬಿತ್ತುವಂತಿಲ್ಲ.

ಎಂದರೆ ಇಬ್ಬರು ಅಜ್ಜಂದಿರು ಇಬ್ಬರದೂ ಅಲ್ಲದ ಜಾಗಕ್ಕೆ ನಲವತ್ತು ವರ್ಷ ಮಾತು ಬಿಟ್ಟಿದ್ದಾರೆ. ನಗು ಬಂದರೆ ಬೆಟ್ಟದಲ್ಲೇ ನಕ್ಕು ಬನ್ನಿ, ಮನೆಯೊಳಗೆ ಬೇಡ. ಆಗಿನ ಕಾಲಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಸೊಪ್ಪಿಲ್ಲದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ಮರ ಸೊರಗುತ್ತದೆ. ಒಂದು ಸಾಲು ಮರದ ಸೊಪ್ಪು ಆಚೆಯವರ ಪಾಲಾದರೆ ಈಚೆ ತೋಟಕ್ಕೆ ಪೆಟ್ಟು. ಅಜ್ಜ ಹಟಕ್ಕೆ ಬಿದ್ದಿದ್ದು ಅದಕ್ಕೆ. ಇವತ್ತು ಸೊಪ್ಪು ಕಡಿಯಲು ಆಳು ಸಿಗದೆ ಎಷ್ಟೋ ಬೆಟ್ಟಗಳು ಹಾಗೇ ನಿಂತಿವೆ. ನಿಮ್ಮದರ ಕಥೆಯೂ ಬಹುಶಃ ಅದೇ. ಇಲ್ಲದಿದ್ದರೆ ಇಷ್ಟು ವರ್ಷ ನಿಮ್ಮಿಬ್ಬರನ್ನು ಯಾರೂ ನೋಡದೆ ಇರುತ್ತಿದ್ದರೇ?

ಇನ್ನು ಗೆಳತಿಯ ಮಾತು. ಮದುವೆಯಾದರೆ ಜಗಳ ಮುಗಿಯುತ್ತದೆ ಎಂಬುದು ಕೇಳಲು ಚೆಂದ. ನಾನಂತೂ ಇದನ್ನು ಒಪ್ಪುವುದಿಲ್ಲ. ನಿಮ್ಮ ಮದುವೆಯನ್ನು ರಾಜಿ ಪಂಚಾಯಿತಿ ಮಾಡಬೇಡಿ. ಬೆಟ್ಟದ ತಕರಾರು ಬಗೆಹರಿಸಲೆಂದೇ ಬಂದ ಸೊಸೆ ಎಂದಾದರೆ, ನಾಳೆ ಸಾರಿಗೆ ಉಪ್ಪು ಹೆಚ್ಚಾದ ದಿನವೂ ಗಡಿಕಲ್ಲಿನ ಮಾತು ಬರುತ್ತದೆ. ನಿಮ್ಮ ಅಪ್ಪ ಒಂದು ಗುಂಟೆ ಬಿಟ್ಟುಕೊಟ್ಟರೆ "ಮಗಳಿಗಾಗಿ ಸೋತೆ" ಎಂದುಕೊಳ್ಳುತ್ತಾರೆ. ಅವರು ಬಿಟ್ಟುಕೊಟ್ಟರೆ "ಸೊಸೆಯನ್ನು ಬೆಟ್ಟ ಕೊಟ್ಟು ತಂದೆವು" ಎಂದು ಊರೆಲ್ಲ ಹೇಳುತ್ತಾರೆ. ಮದುವೆ ಮಾತು ಜಗಲಿಯ ಮೇಲಾಗಲಿ, ಕೇಸಿನ ಮಾತು ವಕೀಲರ ಎದುರಾಗಲಿ. ಎರಡೂ ಒಂದೇ ದಿನ, ಒಂದೇ ಬಾಯಲ್ಲಿ ಬರಬಾರದು. ಕೇಸು ಮುಗಿಯಲಿ ಎಂದು ಕಾಯುವುದು ಬೇಡ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಕಾದರೆ ಎರಡನ್ನೂ ನೀವೇ ಗಂಟು ಹಾಕಿದಂತಾಯಿತು.

ಹಾಗಾದರೆ ಯಾರಿಗೆ ಹೇಳುವುದು? ಅಪ್ಪನಿಗಂತೂ ಮೊದಲಲ್ಲ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾಗಿದ್ದು ಅಜ್ಜಿ. ನೀವು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಹೇಳಿಕೆ ನಿಂತ ಮನೆಗೆ, ಗಂಡ ಬದುಕಿದ್ದಾಗಿನಿಂದಲೂ ಇರಬಹುದು, ಅಪ್ಪೆಮಿಡಿ ಕಳಿಸುವ ಹೆಂಗಸು! ಒಳ್ಳೆಯ ಮಿಡಿ ಎಂದರೆ ನಿಮ್ಮ ಕಡೆ ಏನು ಬೆಲೆ ಎಂಬುದು ನನಗೆ ಗೊತ್ತು. ಮಗಳಿಗೆ, ಅಳಿಯನಿಗೇ ಎಣಿಸಿ ಕೊಡುವ ಪದಾರ್ಥ ಅದು. ಆ ಡಬ್ಬಿ ಖಾಲಿ ವಾಪಸು ಬರುತ್ತದೆಯೇ, ಅದರಲ್ಲಿ ಏನಾದರೂ ತುಂಬಿಕೊಂಡು ಬರುತ್ತದೆಯೇ, ಒಮ್ಮೆ ನೋಡಿ. ತೊಡೆದೇವು ಎಂಬ ಸಿಹಿಯೋ ಜೋನಿಬೆಲ್ಲವೋ ಬರುತ್ತಿದ್ದರೆ ಎರಡು ಅಡುಗೆಮನೆಗಳು ಎಂದೋ ರಾಜಿಯಾಗಿವೆ ಎಂದು ತಿಳಿಯಿರಿ. ಜಗಳ ಜಗಲಿಯಲ್ಲಿ ಮಾತ್ರ ಉಳಿದಿದೆ.

ಆದ್ದರಿಂದ ಮೊದಲು ಅಜ್ಜಿಗೆ ಹೇಳಿ. ಸುತ್ತಿ ಬಳಸಿ ಬೇಡ, "ಅಜ್ಜಿ, ಆಚೆ ಮನೆ ಹುಡುಗ ಮನಸ್ಸಿಗೆ ಬಂದಿದ್ದಾನೆ" ಎಂದು ನೇರವಾಗಿ ಹೇಳಿ. ಅಮ್ಮನಿಗೆ ಅಜ್ಜಿ ಹೇಳಲಿ, ಅಪ್ಪನಿಗೆ ಅಮ್ಮ ಹೇಳಲಿ. ಅಪ್ಪನ ಸಿಟ್ಟು ನಿಜವೇ ಆದರೂ ಅದರಲ್ಲಿ ಒಂದು ಪಾಲು ತೀರಿಹೋದ ತಂದೆಯ ಮೇಲಿನ ಗೌರವ. ಅಜ್ಜನ ಕೇಸು ಕೈಬಿಟ್ಟರೆ ಅಜ್ಜನನ್ನೇ ಕೈಬಿಟ್ಟಂತೆ ಎಂದು ಅವರಿಗೆ ಅನಿಸುತ್ತಿರಬಹುದು. ಆ ಭಾರ ಇಳಿಸುವ ಅಧಿಕಾರ ಇರುವುದು ಅಜ್ಜನ ಹೆಂಡತಿಗೆ ಮಾತ್ರ. ಮಗಳು ವಾದ ಮಾಡಿ ಗೆಲ್ಲುವ ಜಾಗವಲ್ಲ ಅದು.

ಇನ್ನು ಆಚೆ ಮನೆ. ಇಲ್ಲಿ ನಿಮಗೊಂದು ದೊಡ್ಡ ಅನುಕೂಲವಿದೆ, ನೀವು ಗಮನಿಸಿದಂತಿಲ್ಲ. ಊರಲ್ಲಿ ತೋಟ ಮಾಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುವುದು ನಿಮ್ಮ ಸೀಮೆಯಲ್ಲಿ ಎಷ್ಟು ಕಷ್ಟ ಎಂಬುದನ್ನು ಆ ಹುಡುಗನ ತಾಯಿಯನ್ನು ಕೇಳಿ. ತೋಟವಿದೆ, ಮನೆಯಿದೆ, ಕೊಟ್ಟಿಗೆಯಿದೆ, ಆದರೂ "ಬೆಂಗಳೂರಲ್ಲಿ ಇದ್ದಿದ್ದರೆ ನೋಡಬಹುದಿತ್ತು" ಎಂಬ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ ಆಕೆಗೆ. ಅಂಥಾದ್ದರಲ್ಲಿ ಓದಿದ, ಸಂಬಳ ತರುವ, ಊರಲ್ಲೇ ಇರುತ್ತೇನೆ ಎನ್ನುವ, ಉಂಬಳಕ್ಕೆ ಹೆದರದ ಹುಡುಗಿ ತಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ ಎಂದು ಗೊತ್ತಾದರೆ ಗಡಿಕಲ್ಲು ಎಲ್ಲಿತ್ತು ಎಂಬುದೇ ಮರೆತುಹೋದೀತು. ಇದನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಒಂದನ್ನು ಮಾತ್ರ ಈಗಲೇ ತೀರ್ಮಾನಿಸಿಕೊಳ್ಳಿ: ಕಂಪನಿಯವರು ನಾಳೆ ಆಫೀಸಿಗೆ ಬನ್ನಿ ಎಂದರೆ ಏನು ಮಾಡುತ್ತೀರಿ? ಬೆಟ್ಟಕ್ಕಿಂತ ಇದು ದೊಡ್ಡ ಪ್ರಶ್ನೆ, ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ.

ಓಡಿಹೋಗುವ ಮಾತು ತಮಾಷೆಯಾಗಿಯೇ ಇರಲಿ. ಪ್ರಾಪ್ತ ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಮನೆಯವರ, ಸಮುದಾಯದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ನಮ್ಮ ಕರ್ನಾಟಕದ ಪ್ರಕರಣದಲ್ಲೇ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಬೆದರಿಕೆಯೋ ಕೂಡಿಹಾಕುವುದೋ ನಡೆದರೆ ಆ ದಾರಿ ಇದೆ, ಪೊಲೀಸರ ರಕ್ಷಣೆ ಕೇಳಲೂಬಹುದು. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಅಪ್ಪ ಎದ್ದುಹೋಗುವುದು ಮಾತ್ರ. ಅದಕ್ಕೆ ಪೊಲೀಸರು ಬೇಕಾಗಿಲ್ಲ.

ಕೇಸಿನ ವಿಚಾರ ಪ್ರತ್ಯೇಕವಾಗಿ ಹೇಳುತ್ತೇನೆ. ಅದು ಬದುಕಿದೆಯೋ ಸತ್ತಿದೆಯೋ ಎಂದು ಮೊದಲು ತಿಳಿದುಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಸಿಗದಿದ್ದರೆ ನಿಮ್ಮ ವಕೀಲರ ಗುಮಾಸ್ತರನ್ನು ಕೇಳಿ. ಎಂದೋ ಮುಗಿದುಹೋದ ಕೇಸಿಗೆ ಮಾತು ಬಿಟ್ಟುಕೊಂಡೇ ಕೂತಿರುವ ಮನೆಗಳು ಇಲ್ಲದಿಲ್ಲ. ಇನ್ನೂ ಬಾಕಿ ಇದ್ದರೆ ಲೋಕ ಅದಾಲತ್ ಇದೆ. ಎರಡೂ ಕಡೆಯವರು ಒಪ್ಪಿ ತಮ್ಮೊಳಗಿನ ತಕರಾರು ಅಲ್ಲಿ ಬಗೆಹರಿಸಿಕೊಂಡರೆ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ಅಪೀಲು ಇಲ್ಲ ಎಂಬುದೇ ನಿಮ್ಮ ಎರಡು ಮನೆಗಳ ಮಟ್ಟಿಗೆ ದೊಡ್ಡ ಗುಣ. ಆದರೆ ಆ ಅರ್ಜಿ ಬರೆಯಬೇಕಾದವರು ಅಪ್ಪ, ನೀವಲ್ಲ. ಅದೂ ಮದುವೆಯಾಗಿ ಒಂದು ವರ್ಷ ಕಳೆದ ಮೇಲೆ ಬರೆದರೂ ನಡೆಯುತ್ತದೆ.

ಅಪ್ಪನ ಹತ್ತಿರ ಮಾತು ಬರುವ ದಿನವನ್ನು ನೋಡಿಕೊಳ್ಳಲು ಅಮ್ಮನಿಗೆ ಹೇಳಿ. ಆಷಾಢ ಶ್ರಾವಣದಲ್ಲಿ ಬೇಡವೇ ಬೇಡ, ಕೊಳೆ ರೋಗದ ಭಯದಲ್ಲಿ ಮದ್ದು ಹೊಡೆಯಲು ಬಿಸಿಲು ಕಾಯುತ್ತಿರುವವರ ಕಿವಿಗೆ ಯಾವ ಒಳ್ಳೆಯ ಮಾತೂ ಹೋಗುವುದಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರ ಬರಲಿಲ್ಲ ಎಂಬ ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಅಡಿಕೆ ಸುಲಿದು, ಒಣಗಿಸಿ, ಸೊಸೈಟಿಗೆ ಹಾಕಿ, ರೇಟು ಪರವಾಗಿಲ್ಲ ಎನಿಸಿದ ವಾರ ಒಳ್ಳೆಯದು. ಶಿವರಾತ್ರಿಯ ಆಚೀಚೆ, ಆಲೆಮನೆ ನಡೆಯುವ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಕಬ್ಬಿನ ಹಾಲು ಕುಡಿಯಲು ಊರವರೆಲ್ಲ ಸೇರುವಲ್ಲಿ ಅಪ್ಪನೂ ಹುಡುಗನ ಅಪ್ಪನೂ ಒಂದೇ ಕೊಪ್ಪರಿಗೆಯ ಹತ್ತಿರ ನಿಂತಿರುತ್ತಾರೆ, ಮುಖ ಬೇರೆ ಕಡೆ ತಿರುಗಿಸಿಕೊಂಡಾದರೂ.

ಕೊನೆಗೆ ಹುಡುಗನ ಬಗ್ಗೆ. ಇಷ್ಟುದ್ದದ ಪತ್ರದಲ್ಲಿ ಅವನು ಲ್ಯಾಪ್‌ಟಾಪ್ ತಂದ, ತೋಟ ಮಾಡಿದ, ತಮಾಷೆ ಮಾಡಿದ ಎಂದಿದೆಯೇ ಹೊರತು ತನ್ನ ಮನೆಯಲ್ಲಿ ಏನು ಹೇಳಿದ್ದಾನೆ ಎಂಬುದು ಎಲ್ಲೂ ಇಲ್ಲ. ನೀವು ಅಜ್ಜಿಯ ಹತ್ತಿರ ಹೋಗುವ ಮೊದಲು ಅವನು ತನ್ನ ಅಮ್ಮನಿಗೆ ಹೇಳಿರಬೇಕು. ಬದುಕಿರುವ ಅಜ್ಜ ಇರುವುದು ಅವನ ಮನೆಯಲ್ಲಿ. ಆ ಅಜ್ಜನ ಎದುರು ಕೂತು ಮಾತಾಡುವ ಕೆಲಸ ಅವನದೇ, ಅದನ್ನು ನೀವು ಹೊತ್ತುಕೊಳ್ಳಬೇಡಿ. ಬರುವ ಸಲ ಬೆಟ್ಟಕ್ಕೆ ಹೋದಾಗ ಅವನಿಂದ ಒಂದು ತಾರೀಕು ಕೇಳಿ. ತಾರೀಕು ಕೊಟ್ಟನೋ, ಮತ್ತೆ ತಮಾಷೆ ಮಾಡಿದನೋ, ನನಗೆ ಬರೆಯಿರಿ.