ಕೆಂಪು ಸೆರಗು ಎಲ್ಲಿ ಹೋಯಿತು?

ಪ್ರಶ್ನೆ: ಶಾಲೆಯ ಸ್ಮರಣ ಸಂಚಿಕೆಗೆ ನೂರಾರು ಕಲರ್ ಫೋಟೋ ಬಂದಿವೆ. ಒಳಪುಟ ಎಲ್ಲಾ ಸಿಂಗಲ್ ಕಲರ್. ಫೋಟೋಶಾಪ್‌ನಲ್ಲಿ ಡೀಸ್ಯಾಚುರೇಟ್ (ಬಣ್ಣ ತೆಗೆಯುವುದು) ಮಾಡುವ ಆಕ್ಷನ್ (ರೆಕಾರ್ಡ್ ಮಾಡಿಟ್ಟ ಹಂತಗಳು) ಬರೆದು ಎಲ್ಲಾ ಫೋಟೋಗಳ ಮೇಲೆ ಒಟ್ಟಿಗೆ, ಅಂದರೆ ಬ್ಯಾಚ್ ಆಗಿ ಓಡಿಸಿದೆ. ಹಸಿರು ಇಳಕಲ್ ಸೀರೆಯ ಕೆಂಪು ಸೆರಗು ಮಾಯ! ಮೇಲಾಗಿ ಪ್ರೆಸ್‌ನವರು ‘ನಾಲ್ಕು ಪ್ಲೇಟ್ (ಒಂದೊಂದು ಇಂಕಿಗೆ ಒಂದೊಂದು ಅಚ್ಚು) ಬೀಳುತ್ತೆ’ ಅಂತ ಫೈಲ್ ವಾಪಸ್ ಕಳಿಸಿದ್ದಾರೆ.
- ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಪ್ರೆಸ್‌ನವರ ಮೇಲೆ ಸಿಟ್ಟಾಗಬೇಡಿ, ಅವರು ನಿಮ್ಮ ದುಡ್ಡು ಉಳಿಸಿದ್ದಾರೆ. ಎರಡು ತೊಂದರೆಗೂ ಮೂಲ ಆ ಡೀಸ್ಯಾಚುರೇಟ್. ಅದು ಚಿತ್ರವನ್ನು ಕಪ್ಪು-ಬಿಳುಪಾಗಿ ತೋರಿಸುತ್ತದೆ, ಅಷ್ಟೇ. ಫೈಲ್ ಒಳಗೆ ಆರ್‌ಜಿಬಿಯ, ಅಂದರೆ ಕೆಂಪು, ಹಸಿರು, ನೀಲಿಯ ಮೂರು ಚಾನಲ್ (ಬಣ್ಣದ ಪದರ) ಹಾಗೇ ಕೂತಿರುತ್ತವೆ. ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕಿನ ಲೆಕ್ಕಕ್ಕೆ) ಹೋದಾಗ ಆ ಬೂದು ನಾಲ್ಕೂ ಇಂಕಿಗೆ ಹಂಚಿಹೋಗುತ್ತದೆ.

ಇನ್ನು ಸೆರಗು. ಡೀಸ್ಯಾಚುರೇಟ್ ಪ್ರತಿ ಪಿಕ್ಸೆಲ್‌ನಲ್ಲೂ ಅತಿ ಹೆಚ್ಚು ಮತ್ತು ಅತಿ ಕಡಿಮೆ ಇರುವ ಚಾನಲ್ ಹಿಡಿದು ನಡುವಿನ ಬೆಲೆ ಕೊಡುತ್ತದೆ. ಅಚ್ಚ ಕೆಂಪಿಗೂ ಅಚ್ಚ ಹಸಿರಿಗೂ ಒಂದೇ ಬೂದು! ನಮ್ಮ ಕಣ್ಣು ಹಾಗಲ್ಲ, ಅದಕ್ಕೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ತೀರಾ ಕಡಿಮೆ. ಟಿವಿ ಕಾಲದ ಹಳೇ ಲೆಕ್ಕದಲ್ಲಿ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಪಾಲು. ಈ ಪ್ರಕಾರ 255ರ (ಒಂದು ಚಾನಲ್‌ನ ಗರಿಷ್ಠ ಬೆಲೆ) ಕೆಂಪು 76ರ ಬೂದು ಆದರೆ, 255ರ ಹಸಿರು 150. ಸೆರಗು ಬಂತು, ಅಲ್ವಾ? ಆದರೆ ಹಸಿರು 128ರಷ್ಟು ಗಾಢವಾಗಿದ್ದರೆ ಅದು 75! ಮತ್ತೆ ಮಾಯ. ಫೋಟೋಶಾಪ್ ಪ್ರೊಫೈಲ್ (ಬಣ್ಣದ ಅಂಕಿಗೆ ಯಾವ ಬಣ್ಣ ಎಂದು ಹೇಳುವ ಮಾಹಿತಿ) ನೋಡಿಕೊಂಡು ಲೆಕ್ಕ ಹಾಕುವುದರಿಂದ ಅಂಕಿ ಸ್ವಲ್ಪ ಬೇರೆ ಬರಬಹುದು, ತೊಡಕು ಮಾತ್ರ ಇದೇ.

ಹಾಗಾಗಿ ಎರಡು ಆಕ್ಷನ್ ಮಾಡಿಕೊಳ್ಳಿ. ಮಾಮೂಲಿ ಫೋಟೋಗಳಿಗೆ ಇಮೇಜ್ ಮೆನುವಿನ ಮೋಡ್‌ನಲ್ಲಿ ಗ್ರೇಸ್ಕೇಲ್ ಸಾಕು, ಚಾನಲ್ ಒಂದೇ ಉಳಿದು ಪ್ಲೇಟ್ ಕೂಡ ಒಂದೇ ಬೀಳುತ್ತದೆ. ಸೀರೆ, ಶಾಲು, ಬಾವುಟದ ಫೋಟೋಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ. ಅವಕ್ಕೆ ಮೊದಲು ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್, ಆಮೇಲೆ ಗ್ರೇಸ್ಕೇಲ್. ಆ ಅಡ್ಜಸ್ಟ್‌ಮೆಂಟ್ ತೆರೆದಾಗ ರೆಡ್ಸ್, ಗ್ರೀನ್ಸ್ ಎರಡೂ 40ರಲ್ಲೇ ಇರುತ್ತವೆ, ಸುಮ್ನೆ ಓಕೆ ಒತ್ತಿದರೆ ಏನೂ ಪ್ರಯೋಜನವಿಲ್ಲ. ಗ್ರೀನ್ಸ್ ಇಳಿಸಿ. ರೆಡ್ಸ್ ಏರಿಸಲು ಹೋಗಬೇಡಿ, ಸೆರಗು ಎದ್ದು ಕಾಣುತ್ತದೆ ನಿಜ, ಆದರೆ ಹಣೆಯ ಕುಂಕುಮ, ತುಟಿ ಎಲ್ಲಾ ಬೆಳ್ಳಗಾಗಿ ಮುಖ ಸಪ್ಪೆಯಾಗುತ್ತದೆ. ಅಜ್ಜಿಯರು ಬಿಡುವುದಿಲ್ಲ!

ಬ್ಯಾಚ್‌ನಲ್ಲಿ ಔಟ್‌ಪುಟ್ ಫೋಲ್ಡರ್ ಬೇರೆ ಕೊಡಿ. ಒಮ್ಮೆ ಬಣ್ಣ ಹೋದ ಫೈಲ್ ಸೇವ್ ಆದರೆ ವಾಪಸ್ ಬರಲ್ಲ. ಕಲರ್ ಪ್ರೊಫೈಲ್ ವಾರ್ನಿಂಗ್ ತಡೆಯುವ ಟಿಕ್ ಹಾಕಿ ಹೊರಡಿ. ಇಲ್ಲದಿದ್ದರೆ ರಾತ್ರಿ ಓಡಲು ಬಿಟ್ಟ ಬ್ಯಾಚ್ ಯಾವುದೋ ಮೊಬೈಲ್ ಫೋಟೋದ ಮುಂದೆ ಪ್ರಶ್ನೆ ಕೇಳಿಕೊಂಡು ಬೆಳಗಿನವರೆಗೂ ನಿಂತಿರುತ್ತದೆ.

ಪ್ರಶ್ನೆ: ನಮ್ಮದು ಲಿನಕ್ಸ್. ಫೋಟೋಶಾಪ್ ಇಲ್ಲದೆ ಆಗುತ್ತಾ?
- ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ. ಇಮೇಜ್‌ಮ್ಯಾಜಿಕ್ ಹಾಕಿಕೊಳ್ಳಿ. ಅದರ ಮಾಗ್ರಿಫೈ ಆಜ್ಞೆಗೆ ಕಲರ್‌ಸ್ಪೇಸ್ ಗ್ರೇ ಅಂತ ಹೇಳಿದರೆ ಇಡೀ ಫೋಲ್ಡರ್ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಪಾಥ್ (ಹೊಸ ಫೈಲ್ ಎಲ್ಲಿಗೆ ಹೋಗಬೇಕೆಂಬ ಫೋಲ್ಡರ್) ಕೊಡದಿದ್ದರೆ ಮೂಲ ಫೋಟೋದ ಮೇಲೇ ಬರೆದುಬಿಡುತ್ತದೆ, ಹುಷಾರು.