ಪೆಟ್ರೋಲ್ ಪೈಪ್ ಗಟ್ಟಿಯಾಗಿದೆ, ಯಾವುದು ಹಾಕಲಿ?

ಪ್ರಶ್ನೆ: ನನ್ನದು 2008ರ 100 ಸಿಸಿ ಬೈಕು, ಕಾರ್ಬೊರೇಟರ್ ಇರುವಂಥದ್ದು. ಬೆಳಿಗ್ಗೆ ಶೆಡ್ ತೆಗೆದರೆ ಪೆಟ್ರೋಲ್ ವಾಸನೆ ಬರುತ್ತದೆ. ಟ್ಯಾಂಕಿನಿಂದ ಬರುವ ಪೈಪು ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಟ್ಟಿದೆ. ಪಾರದರ್ಶಕ ಪೈಪು ಹಾಕಬಹುದೇ? ಈ ಕೆಲಸ ನಾನೇ ಮಾಡಿಕೊಳ್ಳಬಹುದೇ?
— ಓದುಗರು, ಹಾಸನ

ಉತ್ತರ: ನೀವೇ ಮಾಡಿಕೊಳ್ಳಬಹುದು. ಪಾರದರ್ಶಕ ಪೈಪು ಮಾತ್ರ ಬೇಡ. ಸಾಮಾನ್ಯವಾಗಿ ಅದು ಪಿವಿಸಿ. ಅದನ್ನು ಮೆತ್ತಗಿಡುವ ರಾಸಾಯನಿಕವನ್ನು ಪೆಟ್ರೋಲು ಸೆಳೆದುಕೊಳ್ಳುತ್ತದೆ. ಪೈಪು ಗಟ್ಟಿಯಾಗಿ ಕುಗ್ಗಿ, ಎಂಜಿನ್ ಬಿಸಿಗೆ ನಿಪ್ಪಲ್‌ನಿಂದ (ಪೈಪು ಸಿಕ್ಕಿಸುವ ಮೂತಿ) ಜಾರುತ್ತದೆ. ಎಥನಾಲ್ ಬೆರೆತಾಗ ತೊಂದರೆ ಹೆಚ್ಚು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿಗೆ 2008ರ ರಬ್ಬರನ್ನು ಯಾರೂ ಸಿದ್ಧಪಡಿಸಿರಲಿಲ್ಲ. ಪೈಪಿನ ಮೇಲೆ ‘ಎಸ್‌ಎಇ ಜೆ30 ಆರ್9’ (SAE J30 R9) ಎಂಬ ಇಂಧನ ಪೈಪಿನ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಕಣ್ಣುಮುಚ್ಚಿ ಕೊಳ್ಳಿ, ಅದರ ಒಳಪದರ ಎಥನಾಲನ್ನು ತಡೆಯುತ್ತದೆ. ಅದು ಸಿಗದಿದ್ದರೆ ಕಂಪನಿಯ ಪೈಪೇ ಸರಿ. ಹಳೆಯದರ ತುಂಡೊಂದನ್ನು ಅಂಗಡಿಗೆ ಒಯ್ದು ಒಳವ್ಯಾಸ ಹೊಂದಿಸಿ. ಸಡಿಲ ಪೈಪನ್ನು ಕ್ಲಿಪ್ಪಿನಿಂದ ಬಿಗಿದು ಸರಿಮಾಡಲು ಹೋಗಬೇಡಿ.

ಮೊದಲು ಸೋರಿಕೆ ಎಲ್ಲಿಂದ ಎಂದು ನೋಡಿ. ಕಾರ್ಬೊರೇಟರ್ ಕೆಳಗಿನ ಸಣ್ಣ ಓವರ್‌ಫ್ಲೋ ನಳಿಕೆಯಿಂದ ತೊಟ್ಟಿಕ್ಕುತ್ತಿದ್ದರೆ ತಪ್ಪು ಕಾರ್ಬೊರೇಟರ್‌ಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್‌ನದು, ಪೈಪು ಬದಲಿಸಿದರೂ ನಿಲ್ಲದು. ಒಣಗಿದ ಪೈಪಿನ ಒಳಗಿನಿಂದ ಉದುರಿದ ಕರಿ ಪುಡಿ ನೀಡಲ್ ಬುಡದಲ್ಲಿ ಕೂತಿರುವುದೂ ಉಂಟು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೈಕನ್ನು ಬಯಲಿಗೆ ತನ್ನಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಇರಕೂಡದು. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆಫ್ ಮಾಡಿ, ಫ್ಲೋಟ್ ಬೌಲ್‌ನ (ಕಾರ್ಬೊರೇಟರ್ ತಳದ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಕ್ಲಿಪ್ ಸರಿಸಿ ಪೈಪನ್ನು ತಿರುಚುತ್ತಾ ಎಳೆಯಿರಿ. ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಾರ್ಬೊರೇಟರ್‌ನ ನಿಪ್ಪಲ್ಲೇ ಸಡಿಲವಾದೀತು, ಆಗ ಖರ್ಚು ಪೈಪಿನದಲ್ಲ.

ಹೊಸ ಪೈಪನ್ನು ಹಳೆಯದರ ಅಳತೆಗೆ ನೇರವಾಗಿ ಕತ್ತರಿಸಿ. ಮೊದಲು ಕ್ಲಿಪ್, ಹಳೆಯದಕ್ಕೆ ಸ್ಪ್ರಿಂಗ್ ಕವಚವಿದ್ದರೆ ಅದನ್ನೂ ಪೋಣಿಸಿ. ಬಿಸಿ ಮತ್ತು ಮಡಿಕೆ ಎರಡನ್ನೂ ಅದೇ ತಡೆಯುವುದು. ತುದಿಗೆ ಒಂದು ಹನಿ ಪೆಟ್ರೋಲು ಸವರಿದರೆ ಸಲೀಸಾಗಿ ಏರುತ್ತದೆ, ಗ್ರೀಸ್ ಬೇಡ. ನಿಪ್ಪಲ್‌ನ ಉಬ್ಬು ದಾಟಿ ಬುಡದವರೆಗೆ ತಳ್ಳಿ, ಕ್ಲಿಪ್ ಉಬ್ಬಿನ ಆಚೆ ಕೂರಲಿ. ಪ್ಲಾಸ್ಟಿಕ್ ಟೈ ಕಟ್ಟಬೇಡಿ. ಇಡೀ ಪೈಪು ಇಳಿಜಾರಾಗಿರಬೇಕು, ಎಲ್ಲೂ ಮಡಚಬಾರದು, ಸಿಲಿಂಡರಿನ ರೆಕ್ಕೆಗಳಿಗೆ ತಾಗಬಾರದು. ಫಿಲ್ಟರ್ ಹಾಕಿದ್ದರೆ ಅದರ ಬಾಣ ಕಾರ್ಬೊರೇಟರ್ ಕಡೆಗಿರಲಿ.

ಡ್ರೈನ್ ಸ್ಕ್ರೂ ಬಿಗಿದು ಕಾಕ್ ತೆರೆದು ಹತ್ತು ನಿಮಿಷ ಸ್ಟಾರ್ಟ್ ಮಾಡದೆ ಬಿಡಿ. ಎರಡೂ ಕೂಡುಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಒಂದು ಸುತ್ತು ಓಡಿಸಿ ಬಂದ ಮೇಲೆ ಇನ್ನೊಮ್ಮೆ.

ಪ್ರಶ್ನೆ: ಹೊಸ ಪೈಪು ಹಾಕಿದ ಮೇಲೆ ಸ್ವಲ್ಪ ದೂರ ಹೋದರೆ ಬೈಕು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ.
— ಓದುಗರು, ತುಮಕೂರು

ಉತ್ತರ: ಎಂಜಿನ್ ತಣ್ಣಗಾದ ಮೇಲೆ ಪೈಪನ್ನು ಕಾರ್ಬೊರೇಟರ್‌ನಿಂದ ಬಿಡಿಸಿ ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಕ್ರಮೇಣ ನಿಂತು, ಟ್ಯಾಂಕಿನ ಮುಚ್ಚಳ ತೆಗೆದೊಡನೆ ಮತ್ತೆ ಹರಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ, ಸ್ವಚ್ಛಮಾಡಿ. ಮೊದಲಿನಿಂದಲೇ ಧಾರೆ ಸಣ್ಣದಾಗಿದ್ದರೆ ಪೈಪಿನ ಮಡಿಕೆ, ಫಿಲ್ಟರ್ ಮತ್ತು ಕಾಕ್‌ನ ಜಾಲರಿ ನೋಡಿ.

ಪ್ರಶ್ನೆ: ಫ್ಯುಯಲ್ ಇಂಜೆಕ್ಷನ್ ಬೈಕಿಗೂ ಇದೇ ಪೈಪು ಆಗುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಇಲ್ಲ. ಅಲ್ಲಿ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಕಳಿಸುತ್ತದೆ. ಕಾರ್ಬೊರೇಟರ್‌ನ ಪೈಪನ್ನು ಅಲ್ಲಿ ಹಾಕಿ ಅದು ಕಳಚಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲು ಚಿಮ್ಮುತ್ತದೆ. ಎರಡೂ ತುದಿಯ ಕನೆಕ್ಟರ್ ಸಮೇತ ಕಂಪನಿಯ ಪೈಪನ್ನೇ ಹಾಕಿಸಿ. ಕೀ ತೆಗೆದ ಮೇಲೂ ಒತ್ತಡ ಉಳಿದಿರುವುದರಿಂದ ಅದನ್ನು ಸರ್ವಿಸ್ ಸೆಂಟರಿನಲ್ಲೇ ಬಿಚ್ಚಿಸಿ.