‘ಆಕ್ಯುಪೈಡ್ ಸಿಟಿ’: ಚಿತ್ರಕ್ಕೂ ಮಾತಿಗೂ ತಾಳೆಯಾಗುತ್ತಿಲ್ಲ, ಫೈಲ್ ಕೆಟ್ಟಿದೆಯಾ?

ಫೈಲ್ ಬಹುಶಃ ಸರಿಯಾಗಿಯೇ ಇದೆ. ಸ್ಟೀವ್ ಮೆಕ್ವೀನ್ ಈ ಸಾಕ್ಷ್ಯಚಿತ್ರ ಮಾಡಿರುವುದೇ ಹಾಗೆ. ಕಣ್ಣಿಗೆ ಕಾಣುವುದು ಕೋವಿಡ್ ಕಾಲದ ಆಮ್‌ಸ್ಟರ್‌ಡ್ಯಾಮ್, ಕಿವಿಗೆ ಬೀಳುವುದು ನಾಜಿಗಳ ಹಿಡಿತದಲ್ಲಿದ್ದ ಅದೇ ಊರಿನ ಕಥೆ. ಹಳೆಯ ದೃಶ್ಯಗಳನ್ನು ಬಳಸಿಯೇ ಇಲ್ಲ.

ಮೊದಲು ಬೀದಿಯ ಸದ್ದು ಗಮನಿಸಿ. ಅದು ದೃಶ್ಯಕ್ಕೆ ಹೊಂದದಿದ್ದರೆ ಮಾತ್ರ ಆಡಿಯೋ ತೊಂದರೆ ಇರಬಹುದು.

ಆಮೇಲೆ ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ, ಯಾಕೆಂದರೆ ಚಿತ್ರ ಇಸವಿಯ ಕ್ರಮದಲ್ಲಿ ಸಾಗುವುದಿಲ್ಲ: 1940 ಮೇ, ಜರ್ಮನ್ ದಾಳಿ. 1941 ಫೆಬ್ರವರಿ, ಯಹೂದಿಗಳ ಬಂಧನದ ವಿರುದ್ಧ ಊರಿನ ಜನರ ಮುಷ್ಕರ. 1942 ಜುಲೈ, ಯಹೂದಿಗಳನ್ನು ರೈಲಿನಲ್ಲಿ ನಾಜಿ ಶಿಬಿರಗಳಿಗೆ ಸಾಗಿಸುವುದು ಶುರು. 1944-45ರ ಚಳಿಗಾಲ, ಹಸಿವಿನ ಸಾವುಗಳು. 1945 ಮೇ, ನಾಜಿಗಳ ಹಿಡಿತದಿಂದ ಊರಿಗೆ ಬಿಡುಗಡೆ.

ನೋಡುವಾಗ ಕಥೆ ಹುಡುಕಬೇಡಿ, ವಿಳಾಸ ಹಿಡಿಯಿರಿ. ಒಂದು ವಿಳಾಸ, ಅಲ್ಲಿದ್ದವರಿಗೆ ಏನಾಯಿತು, ಅಷ್ಟೇ. ಕಟ್ಟಡ ಈಗಿಲ್ಲದಿದ್ದರೆ ‘ಕೆಡವಲಾಗಿದೆ’ ಅನ್ನುತ್ತಾಳೆ ನಿರೂಪಕಿ, ದನಿ ಏರಿಸದೆ. ನನಗೆ ಜಾಸ್ತಿ ತಟ್ಟಿದ್ದು ಅದೇ. ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಡಚ್ ಹೆಸರುಗಳು ಜಾರಿಹೋಗುತ್ತವೆ.

ನಾಲ್ಕು ಗಂಟೆಗೂ ಮೀರಿದ ಚಿತ್ರ, ಒಂದೇ ಸಲ ಕೂರಬೇಡಿ. ನಡುವೆ ಮಧ್ಯಂತರ ಇದೆ, ಅಲ್ಲಿ ನಿಲ್ಲಿಸಿ ಮಿಕ್ಕಿದ್ದನ್ನು ಮರುದಿನ ನೋಡಿ.